ಮೂರು ಆಯಾಮಗಳ ಜ್ಯಾಮಿತಿಯೂ ವಿಲಿಯಂ ಥರ್ಸ್ಟನ್ ಅವರ ವೃತ್ತಿಜೀವನವೂ

ಅಮೆರಿಕದ ಗಣಿತಜ್ಞ ವಿಲಿಯಂ ಥರ್ಸ್ಟನ್ 1972ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಮುಂದಿನ ಒಂದು ವರ್ಷವನ್ನು ಪ್ರಿನ್ಸ್‌ಟನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಯಲ್ಲಿ, ಇನ್ನೊಂದು ವರ್ಷವನ್ನು ಎಂಐಟಿಯಲ್ಲಿ ಸಹಾಯಕ ಪ್ರಾಧ್ಯಾಪಕರಾಗಿ ಕಳೆದು, 1974ರಲ್ಲಿ ಇಪ್ಪತ್ತೇಳರ ಹರೆಯದಲ್ಲೇ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅಮೆರಿಕದಲ್ಲಿ ಈ ದಾರಿ ಸಾಮಾನ್ಯವಾಗಿ ಬಹಳ ಉದ್ದವಾದದ್ದು. ಡಾಕ್ಟರೇಟ್ ಆದ ಮೇಲೆ ಒಂದೆರಡು ಕಡೆ ತಾತ್ಕಾಲಿಕ ಸಂಶೋಧನಾ ಹುದ್ದೆ, ಅನಂತರ ಸುಮಾರು ಆರು ವರ್ಷ ಸಹಾಯಕ ಪ್ರಾಧ್ಯಾಪಕ ಹುದ್ದೆ, ಅದರ ಕೊನೆಯಲ್ಲಿ ಹೊರಗಿನ ತಜ್ಞರು ಬರೆಯುವ ಅಭಿಪ್ರಾಯ ಪತ್ರಗಳ ಆಧಾರದ ಮೇಲೆ ಕಾಯಂ ನೇಮಕ, ಪ್ರಾಧ್ಯಾಪಕ ಪದವಿ ಅದಕ್ಕೂ ಆಚೆ. ಥರ್ಸ್ಟನ್ ಇದನ್ನೆಲ್ಲ ಎರಡೇ ವರ್ಷಗಳಲ್ಲಿ ದಾಟಿದ್ದು ಬೆರಗು ಹುಟ್ಟಿಸುವಂಥದ್ದೇ. ಆದರೆ ಅವರ ವೃತ್ತಿಜೀವನದಲ್ಲಿ ಅದಕ್ಕಿಂತ ಮಹತ್ವದ ಸಂಗತಿಯೊಂದಿದೆ: ತಾನು ಗಣಿತ ಮಾಡುತ್ತಿದ್ದ ರೀತಿಯಿಂದಲೇ ತನ್ನ ಕ್ಷೇತ್ರ ಬರಿದಾಗುತ್ತಿದೆ ಎಂಬುದನ್ನು ಕಂಡುಕೊಂಡ ಅವರು ಆ ರೀತಿಯನ್ನೇ ಬದಲಿಸಿದರು. ಅದು ಏಕೆ, ಹೇಗೆ ಎಂಬುದು ಅರ್ಥವಾಗಬೇಕಾದರೆ ಅವರು ಮಾಡಿದ ಗಣಿತದೊಳಕ್ಕೆ ಸ್ವಲ್ಪವಾದರೂ ಇಳಿಯಬೇಕು.

ಅವರ ಮೊದಲ ಕೆಲಸ ಫೋಲಿಯೇಷನ್ ಎಂಬ ವಿಷಯದಲ್ಲಿ. ಒಂದು ಆಕಾರವನ್ನು ಒಂದರ ಪಕ್ಕ ಒಂದರಂತೆ ಜೋಡಿಸಿದ ತೆಳು ಪದರಗಳಿಂದ ಎಲ್ಲಿಯೂ ತೆರಪಿಲ್ಲದಂತೆ ತುಂಬುವುದಕ್ಕೆ ಆ ಹೆಸರು. ಹತ್ತಿರದಿಂದ ನೋಡಿದರೆ ಅದು ಮುಚ್ಚಿದ ಪುಸ್ತಕದ ಹಾಳೆಗಳಂತೆ ಕಾಣುತ್ತದೆ. ದೂರದಿಂದ ನೋಡಿದರೆ ಒಂದೊಂದು ಹಾಳೆಯೂ ಆಕಾರದೊಳಗೆ ಮುಗಿಯದಂತೆ ಸುತ್ತುತ್ತಾ ಹೋಗಿರಬಹುದು. ಚೆಂಡಿನ ಮೇಲ್ಮೈಯನ್ನು ಹೀಗೆ ಗೆರೆಗಳಿಂದ ತುಂಬಲು ಸಾಧ್ಯವಿಲ್ಲ. ಅಕ್ಷಾಂಶ ವೃತ್ತಗಳನ್ನು ಎಳೆದರೆ ಅವು ಎರಡು ಧ್ರುವಗಳಲ್ಲಿ ಬಿಂದುವಾಗಿ ಕುಸಿಯುತ್ತವೆ, ಬೇರೆ ಹೇಗೆ ಎಳೆದರೂ ಎಲ್ಲಾದರೊಂದು ಕಡೆ ತೊಡಕು ಉಳಿಯುತ್ತದೆ. ಗಾಳಿ ತುಂಬಿದ ಟ್ಯೂಬಿನ ಮೇಲ್ಮೈಯನ್ನು, ಅಂದರೆ ಟೋರಸ್ಸನ್ನು, ಸಲೀಸಾಗಿ ತುಂಬಬಹುದು. ಇವೆರಡರ ವ್ಯತ್ಯಾಸವನ್ನು ಆಯ್ಲರ್ ಸಂಖ್ಯೆ ಹೇಳುತ್ತದೆ. ಮೇಲ್ಮೈಯನ್ನು ತುಂಡುಗಳಾಗಿ ವಿಂಗಡಿಸಿ, ಶೃಂಗಗಳ ಎಣಿಕೆಯಿಂದ ಅಂಚುಗಳ ಎಣಿಕೆಯನ್ನು ಕಳೆದು ಮುಖಗಳ ಎಣಿಕೆಯನ್ನು ಕೂಡಿಸಿದರೆ ಬರುವುದೇ ಆ ಸಂಖ್ಯೆ. ಘನಾಕೃತಿಗೆ 8−12+6, ಅಂದರೆ 2. ಚೆಂಡಿಗೂ ಅದೇ 2. ಟೋರಸ್ಸಿಗೆ 0. ಹೀಗೆ ಪದರಗಳಿಂದ ತುಂಬಲು ಬರಬೇಕಾದರೆ ಈ ಸಂಖ್ಯೆ ಸೊನ್ನೆಯಾಗಿರಲೇಬೇಕು ಎಂಬುದು ಮೊದಲೇ ತಿಳಿದಿತ್ತು. ಪದರಗಳು ಇಡೀ ಆಕಾರಕ್ಕಿಂತ ಒಂದೇ ಆಯಾಮ ಕಡಿಮೆಯವಾಗಿದ್ದರೆ, ಆಕಾರ ಎಷ್ಟೇ ಆಯಾಮದ್ದಾಗಿರಲಿ, ಸೊನ್ನೆಯಾಗಿರುವುದಷ್ಟೇ ಸಾಕು ಎಂದು ಥರ್ಸ್ಟನ್ ಸಾಧಿಸಿ 1976ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅವರಿಗೆ ಜ್ಯಾಮಿತಿಯ ಪ್ರತಿಷ್ಠಿತ ವೆಬ್ಲೆನ್ ಪ್ರಶಸ್ತಿಯೂ ಬಂತು.

ಕೆಲವೇ ವರ್ಷಗಳಲ್ಲಿ ಇಂಥ ಪ್ರಮೇಯಗಳು ಒಂದರ ಹಿಂದೆ ಒಂದು ಬಂದವು. ಅವುಗಳ ಪರಿಣಾಮ ಮಾತ್ರ ಯಾರೂ ಎಣಿಸಿದಂತಿರಲಿಲ್ಲ. ಹೊಸಬರು ಈ ಕ್ಷೇತ್ರಕ್ಕೆ ಬರುವುದನ್ನು ನಿಲ್ಲಿಸಿದರು, ಇದ್ದವರೂ ಬೇರೆ ಕಡೆಗೆ ಹೊರಳಿದರು. ಥರ್ಸ್ಟನ್ ಇರುವಲ್ಲಿ ಬಿಡಿಸಲು ಏನೂ ಉಳಿಯುವುದಿಲ್ಲ, ಅತ್ತ ಹೋಗಬೇಡಿ ಎಂದು ಹಿರಿಯರು ತಮ್ಮ ವಿದ್ಯಾರ್ಥಿಗಳಿಗೆ ಬುದ್ಧಿ ಹೇಳತೊಡಗಿದರು. ವಾಸ್ತವದಲ್ಲಿ ಆ ಕ್ಷೇತ್ರದಲ್ಲಿ ಒಳ್ಳೆಯ ಪ್ರಶ್ನೆಗಳು ಬೇಕಾದಷ್ಟಿದ್ದವು. ಹೀಗೇಕಾಯಿತು ಎಂದು ಥರ್ಸ್ಟನ್ ಮುಂದೆ ಬಹಳ ಪ್ರಾಮಾಣಿಕವಾಗಿ ಯೋಚಿಸಿದರು. ಅವರ ಪ್ರಬಂಧಗಳು ಶಿಷ್ಟ ರೀತಿಯಲ್ಲಿ ಬಿಗಿಯಾಗಿ ಬರೆದವು. ಅವುಗಳನ್ನು ಓದಬೇಕಾದರೆ ಲೇಖಕನ ತಲೆಯಲ್ಲಿದ್ದ ಹಿನ್ನೆಲೆ ಓದುಗನ ತಲೆಯಲ್ಲೂ ಇರಬೇಕಿತ್ತು, ಆ ಹಿನ್ನೆಲೆಯಾದರೋ ಎಲ್ಲಿಯೂ ಬರಹಕ್ಕೆ ಇಳಿದಿರಲಿಲ್ಲ. ಎರಡನೆಯ ಕಾರಣ ಇನ್ನೂ ಆಳದ್ದು. ಜನರಿಗೆ ಬೇಕಾದದ್ದು ಉತ್ತರಗಳ ಸಂಗ್ರಹ ಎಂದು ಅವರು ನಂಬಿದ್ದರು; ಜನರಿಗೆ ಬೇಕಿದ್ದದ್ದು ತಾವೇ ಕೈಯಾಡಿಸಿ ಯೋಚಿಸಬಹುದಾದ ತಿಳಿವಳಿಕೆ.

ಈ ಪಾಠ ಮನಸ್ಸಿಗೆ ನಾಟುತ್ತಿದ್ದ ಹೊತ್ತಿನಲ್ಲೇ ಅವರು ಮೂರು ಆಯಾಮಗಳ ಆಕಾರಗಳ ಕಡೆಗೆ ತಿರುಗಿದರು. ಅವರ ಅತಿ ದೊಡ್ಡ ಕೆಲಸ ಅಲ್ಲಿಯೇ ಇರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಮೊದಲು ಎರಡು ಆಯಾಮಗಳನ್ನು ನೋಡೋಣ. ಟೋಪಾಲಜಿಯಲ್ಲಿ ಆಕಾರವನ್ನು ಹಿಗ್ಗಿಸಬಹುದು, ಬಗ್ಗಿಸಬಹುದು, ಹರಿಯಬಾರದು. ಅಲ್ಲಿ ಉದ್ದಕ್ಕೂ ಕೋನಕ್ಕೂ ಬೆಲೆಯಿಲ್ಲ. ಜ್ಯಾಮಿತಿಯಲ್ಲಿ ಉದ್ದ, ಕೋನ, ವಕ್ರತೆಗಳೇ ಎಲ್ಲ. ಹಾಗಿದ್ದರೂ ಪ್ರತಿಯೊಂದು ಮುಚ್ಚಿದ ಮೇಲ್ಮೈಗೂ ಅದಕ್ಕೆ ಸಹಜವಾಗಿ ಒಪ್ಪುವ ಜ್ಯಾಮಿತಿಯೊಂದಿದೆ. ಒಂದು ಚೌಕವನ್ನು ತೆಗೆದುಕೊಂಡು ಎದುರುಬದುರು ಬದಿಗಳನ್ನು ಅಂಟಿಸಿದರೆ ಟೋರಸ್ ಬರುತ್ತದೆ. ಹೀಗೆ ಅಂಟಿಸಿದಾಗ ಚೌಕದ ನಾಲ್ಕು ಮೂಲೆಗಳೂ ಒಂದೇ ಬಿಂದುವಿನಲ್ಲಿ ಸೇರುತ್ತವೆ, ತೊಂಬತ್ತರ ನಾಲ್ಕು ಕೋನಗಳು ಸೇರಿ ಸರಿಯಾಗಿ 360 ಡಿಗ್ರಿ ಆಗುತ್ತದೆ, ಎಲ್ಲಿಯೂ ಸುಕ್ಕಿಲ್ಲ. ಆದ್ದರಿಂದ ನಾವು ಶಾಲೆಯಲ್ಲಿ ಕಲಿತ ಸಮತಲದ ಜ್ಯಾಮಿತಿಯೇ ಟೋರಸ್ಸಿನ ಜ್ಯಾಮಿತಿ.

ಎರಡು ರಂಧ್ರಗಳಿರುವ ಮೇಲ್ಮೈ ಬೇಕಾದರೆ ಒಂದು ಅಷ್ಟಭುಜದ ಬದಿಗಳನ್ನು ಜೋಡಿಜೋಡಿಯಾಗಿ ಅಂಟಿಸಬೇಕು. ಈಗಲೂ ಎಂಟು ಮೂಲೆಗಳು ಒಂದೇ ಬಿಂದುವಿಗೆ ಬರುತ್ತವೆ. ಆದರೆ ಕಾಗದದ ಮೇಲೆ ಬರೆದ ಸಮ ಅಷ್ಟಭುಜದ ಒಂದೊಂದು ಕೋನವೂ 135 ಡಿಗ್ರಿ, ಎಂಟೂ ಸೇರಿದರೆ 1080. ಬೇಕಾದದ್ದು 360, ಅಂದರೆ ಪ್ರತಿ ಮೂಲೆಗೆ 45 ಮಾತ್ರ. ಇಲ್ಲಿ ಹೈಪರ್ಬಾಲಿಕ್ ಜ್ಯಾಮಿತಿ ನೆರವಿಗೆ ಬರುತ್ತದೆ. ಆ ಜ್ಯಾಮಿತಿಯಲ್ಲಿ ತ್ರಿಕೋನದ ಕೋನಗಳ ಮೊತ್ತ ಯಾವಾಗಲೂ 180ಕ್ಕಿಂತ ಕಡಿಮೆ, ಆಕೃತಿ ದೊಡ್ಡದಾದಷ್ಟೂ ಅದರ ಮೂಲೆಗಳು ಚೂಪಾಗುತ್ತವೆ. ಅಲ್ಲೊಂದು ಪುಟ್ಟ ಅಷ್ಟಭುಜವನ್ನು ಬರೆದು ಮೆಲ್ಲಗೆ ಬೆಳೆಸುತ್ತಾ ಹೋದರೆ 135ರ ಹತ್ತಿರವಿದ್ದ ಕೋನಗಳು ಇಳಿಯುತ್ತಾ ಬಂದು, ಒಂದು ನಿರ್ದಿಷ್ಟ ಗಾತ್ರದಲ್ಲಿ ಸರಿಯಾಗಿ 45ಕ್ಕೆ ತಲುಪುತ್ತವೆ. ಆಗ ಅಂಟಿಸಿದರೆ ಸುಕ್ಕಿಲ್ಲದ ಮೇಲ್ಮೈ ಸಿಗುತ್ತದೆ. ಎರಡು ಅಥವಾ ಹೆಚ್ಚು ರಂಧ್ರಗಳಿರುವ ಎಲ್ಲ ಮೇಲ್ಮೈಗಳ ಕಥೆಯೂ ಇದೇ. ಚೆಂಡಿಗೆ ಗೋಳ ಜ್ಯಾಮಿತಿ, ಟೋರಸ್ಸಿಗೆ ಸಮತಲ ಜ್ಯಾಮಿತಿ, ಎಣಿಸಲಾರದಷ್ಟಿರುವ ಉಳಿದವಕ್ಕೆಲ್ಲ ಹೈಪರ್ಬಾಲಿಕ್ ಜ್ಯಾಮಿತಿ.

ಮೂರು ಆಯಾಮದಲ್ಲಿ ಇಂಥ ಅಚ್ಚುಕಟ್ಟುತನ ಇದೆಯೆಂದು 1970ರ ದಶಕದವರೆಗೆ ಯಾರೂ ನಿರೀಕ್ಷಿಸಿರಲಿಲ್ಲ. ಮೂರು ಆಯಾಮದ ಮ್ಯಾನಿಫೋಲ್ಡ್ ಎಂದರೆ, ಒಳಗೆ ಎಲ್ಲಿ ನಿಂತು ನೋಡಿದರೂ ಸುತ್ತಲಿನ ಜಾಗ ನಮ್ಮ ಸಾಮಾನ್ಯ ಕೋಣೆಯಂತೆಯೇ ಇರುವ, ಆದರೆ ಒಟ್ಟಾರೆ ಬೇರೆಯೇ ರೀತಿಯಲ್ಲಿ ಹೆಣೆದುಕೊಂಡಿರಬಹುದಾದ ಆಕಾರ. ಒಂದು ಕೋಣೆಯ ಎದುರುಬದುರು ಗೋಡೆಗಳನ್ನು, ನೆಲವನ್ನೂ ಮೇಲ್ಛಾವಣಿಯನ್ನೂ ಅಂಟಿಸಿದ್ದೇವೆ ಎಂದುಕೊಳ್ಳಿ. ಬಲಗೋಡೆಯ ಮೂಲಕ ಹೊರಟವನು ಎಡಗೋಡೆಯಿಂದ ಒಳಗೆ ಬರುತ್ತಾನೆ. ಇದು ಅತ್ಯಂತ ಸರಳವಾದವುಗಳಲ್ಲಿ ಒಂದು. ಇವುಗಳ ಕುರಿತು ಆನ್ರಿ ಪ್ವಾಂಕರೆ 1904ರಲ್ಲಿ ಕೇಳಿದ ಪ್ರಶ್ನೆಯೊಂದು ಪ್ರಸಿದ್ಧವಾಗಿದೆ: ಅಂಚಿಲ್ಲದ, ಸೀಮಿತವಾದ ಇಂಥ ಆಕಾರದೊಳಗೆ ಎಸೆದ ಪ್ರತಿಯೊಂದು ಕುಣಿಕೆಯನ್ನೂ ಒಂದು ಬಿಂದುವಿಗೆ ಕುಗ್ಗಿಸಲು ಬರುವುದಾದರೆ ಅದು ಮೂರು ಆಯಾಮದ ಗೋಳವೇ ಆಗಿರಬೇಕೆ?

ಥರ್ಸ್ಟನ್ ಮಂಡಿಸಿದ, ಜ್ಯಾಮಿತೀಕರಣದ ಊಹೆ ಎಂದು ಹೆಸರಾದ ಊಹೆ ಇದಕ್ಕಿಂತ ಬಹಳ ವಿಶಾಲವಾದದ್ದು. ಸೀಮಿತವಾದ ಯಾವುದೇ ಮೂರು ಆಯಾಮದ ಮ್ಯಾನಿಫೋಲ್ಡನ್ನು ಮೊದಲು ಗೋಳಗಳ ಗುಂಟ, ಅನಂತರ ಟೋರಸ್ಸುಗಳ ಗುಂಟ ನಿರ್ದಿಷ್ಟ ರೀತಿಯಲ್ಲಿ ಕತ್ತರಿಸಿದರೆ, ಉಳಿಯುವ ಪ್ರತಿಯೊಂದು ತುಂಡೂ ಎಂಟು ಜ್ಯಾಮಿತಿಗಳಲ್ಲಿ ಯಾವುದಾದರೂ ಒಂದನ್ನು ಹೊಂದಿರುತ್ತದೆ ಎಂಬುದು ಅದರ ಸಾರ. ಕತ್ತರಿಸುವ ಕ್ರಮ ಇತರರ ಕೆಲಸದಿಂದ ತಿಳಿದಿತ್ತು. ಎಂಟರಲ್ಲಿ ಮೂರು ನಮಗೆ ಪರಿಚಿತವಾದ ಗೋಳ, ಸಮತಲ, ಹೈಪರ್ಬಾಲಿಕ್ ಜ್ಯಾಮಿತಿಗಳ ಮೂರು ಆಯಾಮದ ರೂಪಗಳು. ಉಳಿದ ಐದರಲ್ಲಿ ಎರಡು, ಮೇಲ್ಮೈಯ ಜ್ಯಾಮಿತಿಗೆ ಒಂದು ನೇರ ದಿಕ್ಕನ್ನು ಸೇರಿಸಿದಾಗ ಬರುವಂಥವು. ಮಿಕ್ಕ ಮೂರು, ದಿಕ್ಕಿನಿಂದ ದಿಕ್ಕಿಗೆ ಬೇರೆಯಾಗಿ ವರ್ತಿಸುವ, ತಿರುಚಿಕೊಂಡ ಜ್ಯಾಮಿತಿಗಳು. ಪ್ವಾಂಕರೆಯ ಪ್ರಶ್ನೆ ಈ ಊಹೆಯ ಒಂದು ಮೂಲೆಯಲ್ಲಿ ಅಡಗಿದೆ, ಏಕೆಂದರೆ ಎಲ್ಲ ಕುಣಿಕೆಗಳೂ ಕುಗ್ಗುವ ಸೀಮಿತ ಆಕಾರಕ್ಕೆ ಈ ಎಂಟರಲ್ಲಿ ಗೋಳ ಜ್ಯಾಮಿತಿಯೊಂದೇ ಒಪ್ಪುತ್ತದೆ. ಆದರೆ ಥರ್ಸ್ಟನ್ ಅವರ ಕಣ್ಣು ಇದ್ದದ್ದು ಹೈಪರ್ಬಾಲಿಕ್ ಜ್ಯಾಮಿತಿಯ ಮೇಲೆ. ಎರಡು ಆಯಾಮದಂತೆ ಮೂರು ಆಯಾಮದಲ್ಲೂ ಬಹುಪಾಲು ಆಕಾರಗಳು ಅದಕ್ಕೇ ಸೇರಿದವು ಎಂದು ಅವರು ಕಂಡುಕೊಂಡರು.

ಒಂದು ಉದಾಹರಣೆ ಇದನ್ನು ಕಣ್ಣಿಗೆ ಕಟ್ಟುವಂತೆ ಮಾಡುತ್ತದೆ. ಹಗ್ಗದಲ್ಲಿ ಎಂಟರ ಆಕಾರದ ಗಂಟು ಹಾಕಿ ಎರಡು ತುದಿಗಳನ್ನು ಸೇರಿಸಿ, ಗಂಟನ್ನು ಬಿಟ್ಟು ಅದರ ಸುತ್ತಲಿರುವ ಜಾಗವನ್ನು ಮಾತ್ರ ಗಮನಿಸಿ. ಆ ಜಾಗಕ್ಕೆ ಹೈಪರ್ಬಾಲಿಕ್ ಜ್ಯಾಮಿತಿ ಇದೆಯೆಂದು ರಾಬರ್ಟ್ ರೈಲಿ 1970ರ ದಶಕದಲ್ಲಿ ಬೀಜಗಣಿತದ ದಾರಿಯಿಂದ ತೋರಿಸಿದ್ದರು. ಥರ್ಸ್ಟನ್ ಅದನ್ನೇ ಎರಡು ಚತುರ್ಮುಖಿಗಳನ್ನು, ಅಂದರೆ ನಾಲ್ಕು ತ್ರಿಕೋನ ಮುಖಗಳಿರುವ ಘನಗಳನ್ನು, ಮುಖಕ್ಕೆ ಮುಖ ಅಂಟಿಸಿ ಕಟ್ಟಿ ತೋರಿಸಿದರು. ಅಂಟಿಸಿದ ಮೇಲೆ ಉಳಿಯುವುದು ಎರಡೇ ಅಂಚುಗಳು, ಒಂದೊಂದು ಅಂಚಿನ ಸುತ್ತಲೂ ಆರು ಕೋನಗಳು ಬಂದು ಸೇರುತ್ತವೆ. ಹಾಗಾದರೆ ಪ್ರತಿ ಕೋನವೂ 60 ಡಿಗ್ರಿ ಇರಬೇಕು. ಸಾಮಾನ್ಯ ಸಮ ಚತುರ್ಮುಖಿಯಲ್ಲಿ ಎರಡು ಮುಖಗಳ ನಡುವಿನ ಕೋನ ಸುಮಾರು 70.5 ಡಿಗ್ರಿ, ಆರು ಸೇರಿದರೆ 360ನ್ನು ಮೀರುತ್ತದೆ. ಅಷ್ಟಭುಜದಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಬೇಕು: ಚತುರ್ಮುಖಿಯನ್ನು ಹೈಪರ್ಬಾಲಿಕ್ ಅವಕಾಶದಲ್ಲಿಟ್ಟು ಬೆಳೆಸುತ್ತಾ ಹೋದರೆ ಕೋನಗಳು ಕಿರಿದಾಗುತ್ತವೆ, ಅದರ ನಾಲ್ಕು ಶೃಂಗಗಳು ಅನಂತಕ್ಕೆ ತಲುಪಿದ ಕ್ಷಣದಲ್ಲಿ ಪ್ರತಿ ಕೋನವೂ ಸರಿಯಾಗಿ 60 ಆಗುತ್ತದೆ. ಆ ಶೃಂಗಗಳು ಅನಂತದಲ್ಲಿರುವುದೂ ತಕ್ಕುದೇ, ಏಕೆಂದರೆ ನಾವು ತೆಗೆದುಹಾಕಿದ ಗಂಟು ಇರಬೇಕಾದ ಸ್ಥಳ ಅದು. ಜ್ಯಾಮಿತಿಯೂ ಟೋಪಾಲಜಿಯೂ ಇಷ್ಟು ಕರಾರುವಾಕ್ಕಾಗಿ ಒಂದಕ್ಕೊಂದು ಹೊಂದಿಕೊಳ್ಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಂಟರ ಗಂಟಿನ ಸುತ್ತಲಿನ ಜಾಗ ಅನಂತದವರೆಗೆ ಚಾಚಿದ್ದರೂ ಈ ಜ್ಯಾಮಿತಿಯಲ್ಲಿ ಅಳೆದರೆ ಅದರ ಘನಫಲ ಸೀಮಿತ: ಸುಮಾರು 2.0299. ಈ ಸಂಖ್ಯೆ ಯಾರೂ ಬದಲಿಸಲಾರದ್ದು. ಸೀಮಿತ ಘನಫಲದ ಮೂರು ಆಯಾಮದ ಹೈಪರ್ಬಾಲಿಕ್ ಮ್ಯಾನಿಫೋಲ್ಡಿಗೆ ಒಂದೇ ಒಂದು ಹೈಪರ್ಬಾಲಿಕ್ ಆಕಾರವಿರಲು ಸಾಧ್ಯ ಎಂದು ಜಾರ್ಜ್ ಮೋಸ್ಟೋ ಮುಚ್ಚಿದ ಮ್ಯಾನಿಫೋಲ್ಡುಗಳಿಗೆ 1968ರಲ್ಲಿ ಸಾಧಿಸಿದ್ದರು. ಅನಂತಕ್ಕೆ ಚಾಚುವ ಇಂಥವುಗಳಿಗೆ 1973ರಲ್ಲಿ ಅದನ್ನು ವಿಸ್ತರಿಸಿದವರು ಭಾರತದ ಗೋಪಾಲ್ ಪ್ರಸಾದ್. ಹೀಗಾಗಿ ಉದ್ದ, ಅಳತೆಗಳಿಗೆ ಬೆಲೆಯೇ ಇಲ್ಲದ ಟೋಪಾಲಜಿಯ ಆಕಾರವೊಂದು ತನ್ನದೇ ಆದ ಘನಫಲವನ್ನು ಹೊತ್ತು ನಿಲ್ಲುತ್ತದೆ, ಬೇರೆ ಬೇರೆ ಘನಫಲದ ಎರಡು ಗಂಟುಗಳು ಎಂದಿಗೂ ಒಂದೇ ಅಲ್ಲ.

ಈಗ ವೃತ್ತಿಜೀವನಕ್ಕೆ ಮರಳೋಣ. 1970ರ ದಶಕದ ಕೊನೆಯ ಹೊತ್ತಿಗೆ ಥರ್ಸ್ಟನ್ ಈ ಊಹೆಯ ಬಹು ದೊಡ್ಡ ಭಾಗವನ್ನು, ಒಳಗಿನ ಸೂಕ್ತ ಮೇಲ್ಮೈಗಳ ಗುಂಟ ಹಂತಹಂತವಾಗಿ ಕತ್ತರಿಸಿ ಸರಳಗೊಳಿಸಬಹುದಾದ ಹಾಕೆನ್ ಮ್ಯಾನಿಫೋಲ್ಡುಗಳೆಂಬ ವಿಶಾಲ ವರ್ಗಕ್ಕೆ ಸಂಬಂಧಿಸಿದ್ದನ್ನು, ಸಾಧಿಸಿದ್ದರು. ಹಳೆಯ ಥರ್ಸ್ಟನ್ ಆಗಿದ್ದರೆ ಬಿಗಿಯಾದ ಪ್ರಬಂಧಗಳನ್ನು ಒಂದರ ಮೇಲೊಂದು ಪ್ರಕಟಿಸುತ್ತಿದ್ದರು. ಈಗ ಅವರು ಪ್ರಿನ್ಸ್‌ಟನ್ನಿನಲ್ಲಿ ಪಾಠ ಹೇಳತೊಡಗಿದರು. ಆ ಉಪನ್ಯಾಸಗಳ ಟಿಪ್ಪಣಿಗಳನ್ನು ಸಿದ್ಧಪಡಿಸುವುದರಲ್ಲಿ ವಿಲಿಯಂ ಫ್ಲಾಯ್ಡ್, ಸ್ಟೀವನ್ ಕರ್ಕಾಫ್ ಎಂಬ ವಿದ್ಯಾರ್ಥಿಗಳು ಕೈಜೋಡಿಸಿದರು. ಘನಫಲದ ಲೆಕ್ಕಾಚಾರದ ಏಳನೇ ಅಧ್ಯಾಯವನ್ನು ಜಾನ್ ಮಿಲ್ನರ್ ಬರೆದರು. ಅಚ್ಚಾದ ಪುಸ್ತಕವಾಗಿರದಿದ್ದರೂ ಆ ಟಿಪ್ಪಣಿಗಳು ಅಂಚೆಯ ಮೂಲಕ ಜಗತ್ತಿನ ಎಲ್ಲೆಡೆಯ ಗಣಿತ ವಿಭಾಗಗಳಿಗೆ ತಲುಪಿ, ಒಂದು ಇಡೀ ಪೀಳಿಗೆ ಅವುಗಳಿಂದಲೇ ಈ ವಿಷಯವನ್ನು ಕಲಿಯಿತು. ಅವುಗಳಲ್ಲಿ ಚಿತ್ರಗಳಿದ್ದವು, ಉದಾಹರಣೆಗಳಿದ್ದವು, ಹೇಗೆ ಊಹಿಸಿಕೊಳ್ಳಬೇಕೆಂಬ ಸೂಚನೆಗಳಿದ್ದವು. ಹುಟ್ಟಿನಿಂದ ಮೆಳ್ಳೆಗಣ್ಣಿದ್ದ ಥರ್ಸ್ಟನ್‌ಗೆ ಎರಡೂ ಕಣ್ಣುಗಳ ನೋಟವನ್ನು ಬೆಸೆದು ಆಳವನ್ನು ಗ್ರಹಿಸುವುದು ಬಾಲ್ಯದಲ್ಲಿ ಕಷ್ಟವಾಗಿತ್ತು. ಬಣ್ಣದ ವಿನ್ಯಾಸಗಳಿರುವ ಪುಸ್ತಕಗಳನ್ನು ಮುಂದಿಟ್ಟುಕೊಂಡು ತಾಯಿ ಅವರಿಗೆ ಅಭ್ಯಾಸ ಮಾಡಿಸಿದ್ದರು. ಆಳವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕಾಗಿ ಬಂದವನು ಇತರರಿಗೂ ಅದನ್ನು ಹೇಳಿಕೊಡಬಲ್ಲವನಾದ ಎಂದು ಯೋಚಿಸಿದರೆ ನನಗೆ ಅದು ಸಹಜವೆನಿಸುತ್ತದೆ.

1982ರಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಬುಲೆಟಿನ್‌ನಲ್ಲಿ ಅವರು ಈ ಇಡೀ ಚಿತ್ರವನ್ನು ಮುಂದಿಟ್ಟು, ಕೊನೆಯಲ್ಲಿ 24 ಪ್ರಶ್ನೆಗಳನ್ನು ಪಟ್ಟಿಮಾಡಿದರು. ಜ್ಯಾಮಿತೀಕರಣದ ಊಹೆಯೇ ಅದರ ಮೊದಲ ಪ್ರಶ್ನೆ. ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಅದೇ ವರ್ಷ ಅಲೆನ್ ಕಾನ್, ಶಿಂಗ್-ಟುಂಗ್ ಯೌ ಅವರ ಜೊತೆಗೆ ಥರ್ಸ್ಟನ್‌ಗೂ ಸಂದಿತು. ಪೋಲೆಂಡಿನಲ್ಲಿ ಸೇನಾಡಳಿತ ಜಾರಿಯಲ್ಲಿದ್ದುದರಿಂದ ಪದಕ ಪ್ರದಾನ ನಡೆಯಬೇಕಿದ್ದ ವಾರ್ಸಾದ ಗಣಿತಜ್ಞರ ಸಮ್ಮೇಳನ ಮುಂದೂಡಲ್ಪಟ್ಟು, 1983ರಲ್ಲಿ ನಡೆಯಿತು. ಆದರೆ ಹಾಕೆನ್ ಮ್ಯಾನಿಫೋಲ್ಡುಗಳ ಪ್ರಮೇಯದ ಪೂರ್ಣ ಪುರಾವೆ ಥರ್ಸ್ಟನ್ ಅವರ ಲೇಖನಿಯಿಂದ ಎಂದೂ ಹೊರಬರಲಿಲ್ಲ. ಮೊದಲ ಭಾಗ 1986ರಲ್ಲಿ ಪ್ರಕಟವಾಯಿತು. ಉಳಿದದ್ದನ್ನು ವಿವರವಾಗಿ ಬರೆದವರು ಇತರರು.

ಇದು ಗಂಭೀರವಾದ ಟೀಕೆಗೆ ಗುರಿಯಾಯಿತು. 1993ರಲ್ಲಿ ಆರ್ಥರ್ ಜಾಫೆ ಮತ್ತು ಫ್ರಾಂಕ್ ಕ್ವಿನ್ ಅದೇ ಬುಲೆಟಿನ್‌ನಲ್ಲಿ ಬರೆದ ಲೇಖನದಲ್ಲಿ, ಪೂರ್ಣ ಪುರಾವೆಯಿಲ್ಲದೆ ದೊಡ್ಡ ಪ್ರಮೇಯವನ್ನು ಘೋಷಿಸಿದರೆ ಮನ್ನಣೆ ಘೋಷಿಸಿದವರಿಗೆ ಸಲ್ಲುತ್ತದೆ, ಕಷ್ಟಪಟ್ಟು ವಿವರಗಳನ್ನು ತುಂಬುವವರಿಗೆ ಏನೂ ಉಳಿಯುವುದಿಲ್ಲ, ಕ್ಷೇತ್ರದ ದಾರಿಗೆ ಅದು ಅಡ್ಡಗಲ್ಲಾಗುತ್ತದೆ ಎಂದು ವಾದಿಸಿ, ಥರ್ಸ್ಟನ್ ಅವರ ಹೆಸರನ್ನೂ ಎತ್ತಿದರು. ಕಾಯಂ ಹುದ್ದೆಯಿಲ್ಲದ ಯುವ ಸಂಶೋಧಕರ ದೃಷ್ಟಿಯಿಂದ ನೋಡಿದರೆ ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಅವರ ಬದುಕು ನಿಂತಿರುವುದೇ ಪ್ರಕಟಣೆಯ ಮೇಲೆ.

ಥರ್ಸ್ಟನ್ 1994ರಲ್ಲಿ ಅಲ್ಲಿಯೇ ಉತ್ತರಿಸಿದರು. ಗಣಿತಜ್ಞರು ಪ್ರಮೇಯಗಳನ್ನು ಹೇಗೆ ಸಾಧಿಸುತ್ತಾರೆ ಎಂಬ ಪ್ರಶ್ನೆಯಿಂದ ಹೊರಟರೆ ದಾರಿ ತಪ್ಪುತ್ತದೆ, ಮನುಷ್ಯರ ಗಣಿತದ ತಿಳಿವಳಿಕೆಯನ್ನು ಅವರು ಹೇಗೆ ಬೆಳೆಸುತ್ತಾರೆ ಎಂದು ಕೇಳಬೇಕು ಎಂಬುದು ಅವರ ನಿಲುವು. ಫೋಲಿಯೇಷನ್ ಕ್ಷೇತ್ರ ಖಾಲಿಯಾದ ಪ್ರಸಂಗವನ್ನು ಅವರು ಬಿಚ್ಚಿಟ್ಟದ್ದು ಈ ಲೇಖನದಲ್ಲಿಯೇ. ಎರಡನೆಯ ಸಲ ತಾನು ಬೇಕೆಂದೇ ಬೇರೆ ರೀತಿ ನಡೆದುಕೊಂಡೆ, ಇತರರು ಕಾಲೂರಿ ಯೋಚಿಸಲು ಬೇಕಾದ ನೆಲೆಯನ್ನು ಕಟ್ಟಲು ಸಮಯ ಕೊಟ್ಟೆ, ಅದರಿಂದ ತನ್ನ ಹೆಸರಿನ ಪ್ರಮೇಯಗಳು ಕಡಿಮೆಯಾದರೂ ಕ್ಷೇತ್ರ ಬೆಳೆಯಿತು ಎಂದು ಅವರು ವಿವರಿಸಿದರು. ನನ್ನ ಅಭಿಪ್ರಾಯದಲ್ಲಿ ಎರಡೂ ಕಡೆಯವರು ಸರಿಯಾದ ಸಂಗತಿಯನ್ನೇ ಹೇಳುತ್ತಿದ್ದರು, ಆದರೆ ನಡೆದ ಇತಿಹಾಸ ಥರ್ಸ್ಟನ್ ಅವರ ಪರವಾಗಿ ಹೆಚ್ಚು ಗಟ್ಟಿಯಾಗಿ ಸಾಕ್ಷಿ ಹೇಳುತ್ತದೆ.

ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದವರು 30ಕ್ಕೂ ಹೆಚ್ಚು ಮಂದಿ. ಅವರಲ್ಲೊಬ್ಬರಾದ ಜೆಫ್ರಿ ವೀಕ್ಸ್, ಎಂಟರ ಗಂಟಿನಲ್ಲಿ ಕೈಯಿಂದ ಮಾಡಿದ ಲೆಕ್ಕವನ್ನು ಯಾವುದೇ ಗಂಟಿಗೆ ಮಾಡಿಕೊಡುವ ಸ್ನ್ಯಾಪ್‌ಪೀ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ಬರೆದರು; ಅದರ ನಂತರ ಸಾವಿರಾರು ಗಂಟುಗಳ ಘನಫಲವನ್ನು ಪಟ್ಟಿಮಾಡುವುದು ಸಾಧ್ಯವಾಯಿತು. 24 ಪ್ರಶ್ನೆಗಳಲ್ಲಿ ಹಲವಕ್ಕೆ ಉತ್ತರ ಕಂಡುಕೊಂಡವರಲ್ಲಿ ಡೇವಿಡ್ ಗಬಾಯ್, ಯೈರ್ ಮಿನ್ಸ್ಕಿ, ರಿಚರ್ಡ್ ಕೆನರಿ, ಡ್ಯಾನಿ ಕಲಗಾರಿ ಮುಂತಾದ ಅವರ ವಿದ್ಯಾರ್ಥಿಗಳೇ ಇದ್ದಾರೆ. ಥರ್ಸ್ಟನ್ 1991ರಲ್ಲಿ ಬರ್ಕ್ಲಿಗೆ ಮರಳಿ, 1992ರಿಂದ 1997ರವರೆಗೆ ಅಲ್ಲಿನ ಗಣಿತ ವಿಜ್ಞಾನ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದರು. 1996ರಿಂದ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, 2003ರಿಂದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದರು.

ಇಡೀ ಊಹೆಯ ಪುರಾವೆ ಬಂದದ್ದು ಸಂಪೂರ್ಣ ಬೇರೆ ದಿಕ್ಕಿನಿಂದ. ರಿಚರ್ಡ್ ಹ್ಯಾಮಿಲ್ಟನ್ 1982ರಲ್ಲಿ ರಿಚ್ಚಿ ಹರಿವು ಎಂಬ ಸಮೀಕರಣವನ್ನು ಪರಿಚಯಿಸಿದ್ದರು. ಬಿಸಿಯಾದ ಲೋಹದ ತಗಡಿನಲ್ಲಿ ಶಾಖ ಹರಡಿ ಸಮವಾಗುವಂತೆ, ಆಕಾರವೊಂದರ ವಕ್ರತೆಯನ್ನು ಕಾಲಕ್ರಮದಲ್ಲಿ ಸಮಗೊಳಿಸುವ ಸಮೀಕರಣ ಅದು. ಹರಿಯಲು ಬಿಟ್ಟರೆ ಆಕಾರ ತಾನಾಗಿಯೇ ತನ್ನ ಸಹಜ ಜ್ಯಾಮಿತಿಗೆ ಬಂದು ನಿಲ್ಲಬೇಕೆಂಬುದು ಆಸೆ. ನಡುವೆ ಎಲ್ಲಾದರೂ ಆಕಾರದ ಕತ್ತಿನಂಥ ಭಾಗ ಸಣ್ಣದಾಗುತ್ತಾ ಹೋಗಿ ತುಂಡಾಗುವುದು ತೊಡಕು. ಆ ತೊಡಕುಗಳೆಲ್ಲ ಹಿಡಿತಕ್ಕೆ ಸಿಗುವಂಥವೇ ಎಂದು, ತುಂಡಾಗುವ ಮುನ್ನ ಅಲ್ಲಿ ಕತ್ತರಿಸಿ ಮುಂದುವರಿಯಬಹುದೆಂದು, ಗ್ರಿಗೋರಿ ಪೆರೆಲ್ಮನ್ 2002 ಮತ್ತು 2003ರಲ್ಲಿ ಅಂತರಜಾಲದಲ್ಲಿ ಇರಿಸಿದ ಮೂರು ಪ್ರಬಂಧಗಳಲ್ಲಿ ತೋರಿಸಿದರು. ಅದರಿಂದ ಜ್ಯಾಮಿತೀಕರಣವೂ ಪ್ವಾಂಕರೆಯ ಪ್ರಶ್ನೆಯೂ ಒಟ್ಟಿಗೇ ಬಗೆಹರಿದವು. ಪೆರೆಲ್ಮನ್ 2006ರಲ್ಲಿ ಫೀಲ್ಡ್ಸ್ ಪದಕವನ್ನೂ, 2010ರಲ್ಲಿ ಹತ್ತು ಲಕ್ಷ ಡಾಲರ್‌ಗಳ ಕ್ಲೇ ಬಹುಮಾನವನ್ನೂ ನಿರಾಕರಿಸಿದರು. ಅವರ ಪ್ರಬಂಧಗಳೂ ಅತ್ಯಂತ ಸಂಕ್ಷಿಪ್ತವಾಗಿದ್ದು, ವಿವರಗಳನ್ನು ತುಂಬಿ ಬರೆಯಲು ಹಲವು ತಂಡಗಳು ವರ್ಷಗಟ್ಟಲೆ ದುಡಿದವು. ಅಷ್ಟು ಜನ ಅಷ್ಟು ಬೇಗ ಆ ಕೆಲಸಕ್ಕೆ ಇಳಿಯಲು ಸಾಧ್ಯವಾದದ್ದಕ್ಕೆ, ಸಾಧಿಸಬೇಕಾದದ್ದು ಏನು, ಅದು ಏಕೆ ನಿಜವಿರಬೇಕು ಎಂಬುದು ಕಾಲು ಶತಮಾನದಿಂದ ಎಲ್ಲರ ಮನಸ್ಸಿನಲ್ಲಿ ಬೇರೂರಿದ್ದದ್ದೂ ಒಂದು ಕಾರಣ.

2012ರ ಮಾರ್ಚ್‌ನಲ್ಲಿ ಇಯಾನ್ ಅಗೊಲ್ ಇನ್ನೊಂದು ದೊಡ್ಡ ಪ್ರಶ್ನೆಯನ್ನು ಬಿಡಿಸಿದರು. ಮುಚ್ಚಿದ ಪ್ರತಿಯೊಂದು ಹೈಪರ್ಬಾಲಿಕ್ ಮ್ಯಾನಿಫೋಲ್ಡನ್ನೂ ಸೀಮಿತ ಸಂಖ್ಯೆಯ ಪದರಗಳಾಗಿ ಬಿಚ್ಚಿದರೆ ಹಾಕೆನ್ ಮ್ಯಾನಿಫೋಲ್ಡ್ ಸಿಗುತ್ತದೆ ಎಂಬುದು ಅದರ ಉತ್ತರ. ಡೇನಿಯಲ್ ವೈಸ್, ಜೆರೆಮಿ ಕಾನ್, ವ್ಲಾಡಿಮಿರ್ ಮಾರ್ಕೊವಿಚ್ ಅವರ ಕೆಲಸಗಳು ಅದಕ್ಕೆ ಅಡಿಪಾಯ. ಅದೇ ವರ್ಷದ ಆಗಸ್ಟ್ 21ರಂದು ಥರ್ಸ್ಟನ್ ತೀರಿಕೊಂಡರು. ಆ ಹೊತ್ತಿಗೆ ಅವರ 24 ಪ್ರಶ್ನೆಗಳಲ್ಲಿ ಬಹುತೇಕ ಎಲ್ಲಕ್ಕೂ ಉತ್ತರ ಸಿಕ್ಕಿತ್ತು. ಇಂದಿಗೂ ಬಗೆಹರಿಯದೆ ನಿಂತಿರುವುದು 23ನೆಯದು: ಹೈಪರ್ಬಾಲಿಕ್ ಮ್ಯಾನಿಫೋಲ್ಡುಗಳ ಘನಫಲಗಳ ನಡುವಿನ ಅನುಪಾತ ಯಾವಾಗಲೂ ಭಾಗಲಬ್ಧ ಸಂಖ್ಯೆಯೇ ಆಗಿರುವುದಿಲ್ಲ ಎಂದು ತೋರಿಸಿ ಎನ್ನುತ್ತದೆ ಅದು. ಘನಫಲವನ್ನು ಎಷ್ಟು ದಶಮಾಂಶ ಸ್ಥಾನಗಳವರೆಗೆ ಬೇಕಾದರೂ ಲೆಕ್ಕಹಾಕಬಹುದು, ಆದರೆ ಎಂಟರ ಗಂಟಿನ ಆ ಸುಮಾರು 2.0299ರ ಸಂಖ್ಯೆ ಅಭಾಗಲಬ್ಧವೇ ಎಂಬುದನ್ನು ಕೂಡ ಈವರೆಗೆ ಯಾರೂ ಸಾಧಿಸಿಲ್ಲ.